ಬಿಳಿ ಗೌನಿನ ಲೆಕ್ಕ: ಗೋಣಿಕೊಪ್ಪದ ಒಂದು ಪ್ರಕರಣ

ಮೊದಲ ದಿನ ಆ ಹುಡುಗಿ ಬಂದು ಕಟಿಂಗ್ ಮೇಜಿನ ಮೇಲೆ ಫೋನ್ ಇಟ್ಟಳು. "ಆಂಟಿ, ಹೀಗೇ ಬೇಕು" ಅಂದಳು. ಫೋಟೋದಲ್ಲಿ ಒಂದು ಬಿಳಿ ಗೌನ್. ತೋಳಿಲ್ಲ, ಭುಜದ ಪಟ್ಟಿಯೂ ಇಲ್ಲ. ಬೆನ್ನು ಅರ್ಧಕ್ಕೆ ತೆರೆದಿತ್ತು. ಸೊಂಟದ ಬೆಲ್ಟಿನ ನಡುವೆ ಮಣಿಯಲ್ಲಿ ಮಾಡಿದ ಒಂದು ಶಿಲುಬೆ. ಹಿಂದೆ ನಿಂತಿದ್ದ ಅವಳ ಅಮ್ಮ ಫೋಟೋ ಕಡೆ ನೋಡಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದರು. ನಾನೇ ಏನಾದರೂ ಹೇಳಿ ತಡೆಯಲಿ ಎಂದು ಅವರ ಮನಸ್ಸಿನಲ್ಲಿತ್ತು.

ಆಗ ಡಿಸೆಂಬರ್ ಮೊದಲ ವಾರ. ಮದುವೆ ಜನವರಿ ಎರಡನೇ ವಾರ. ಆ ಐದು ವಾರದಲ್ಲಿ ನಡೆದದ್ದನ್ನು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ. ಯಾರ ಹೆಸರನ್ನೂ ಬರೆದಿಲ್ಲ, ಚರ್ಚಿನ ಹೆಸರೂ ಇಲ್ಲ. ನಮ್ಮದು ಚಿಕ್ಕ ಊರು, ಯಾರಿಗೂ ನೋವಾಗುವುದು ಬೇಡ. ಕ್ರೈಸ್ತ ಧರ್ಮ ಮತ್ತು ಫ್ಯಾಷನ್ ಅಂದ ಕೂಡಲೇ ನಮ್ಮವರು ಮಾತಾಡುವುದೆಲ್ಲ ಮೈ ಎಷ್ಟು ಮುಚ್ಚಬೇಕು ಅನ್ನುವುದರ ಬಗ್ಗೆ. ಬಟ್ಟೆ ಹೊಲಿದವರ ಕೈಗೆ ಎಷ್ಟು ಸೇರಿತು ಅಂತ ಕೇಳುವವರು ಕಡಿಮೆ. ಹತ್ತೊಂಬತ್ತು ವರ್ಷ ಟೈಲರಿಂಗ್ ಮಾಡಿದ ನಾನೂ ಕೇಳಿಕೊಂಡಿರಲಿಲ್ಲ. ಈ ಗೌನ್ ಬಂದ ಮೇಲೆ ಕೇಳಿಕೊಳ್ಳಬೇಕಾಯಿತು.

ಯಾರು ಯಾರು

ಹುಡುಗಿಗೆ 27 ವರ್ಷ. ಬೆಂಗಳೂರಿನ ಒಂದು ಗಾರ್ಮೆಂಟ್ ಎಕ್ಸ್‌ಪೋರ್ಟ್ ಕಂಪನಿಯಲ್ಲಿ ಕಾಸ್ಟಿಂಗ್, ಅಂದರೆ ಬಟ್ಟೆಯ ಖರ್ಚಿನ ಲೆಕ್ಕ ಹಾಕುವ ವಿಭಾಗದಲ್ಲಿದ್ದಾಳೆ. ಮನೆಯವರು ಕೊಂಕಣಿ ಮಾತಾಡುವ ಕಥೋಲಿಕರು. ಅಮ್ಮನ ತವರು ಮಂಗಳೂರು ಕಡೆ. ಅಪ್ಪನಿಗೆ ಸ್ವಲ್ಪ ಕಾಫಿ ತೋಟ ಇದೆ. ಹುಡುಗ ಸಿದ್ದಾಪುರ ಕಡೆಯ ಮಲಯಾಳಿ ಕಥೋಲಿಕ ಮನೆಯವನು. ಕೊಡಗಿನ ಚರ್ಚುಗಳಲ್ಲಿ ಇದು ಹೊಸದೇನಲ್ಲ. ಒಂದೇ ಬೆಂಚಿನಲ್ಲಿ ಕೊಂಕಣಿ, ಮಲಯಾಳ, ತಮಿಳು, ಕನ್ನಡ ಎಲ್ಲ ಇರುತ್ತದೆ.

ಇಲ್ಲಿ ಕಥೋಲಿಕರ ಇತಿಹಾಸವೇ ಊರು ಬಿಟ್ಟು ಬಂದವರ ಇತಿಹಾಸ. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದವರಿಗೆ ಕೊಡಗಿನ ಅರಸ ದೊಡ್ಡ ವೀರರಾಜೇಂದ್ರ ವಿರಾಜಪೇಟೆಯಲ್ಲಿ ಜಾಗ ಕೊಟ್ಟ. ಅಲ್ಲಿಯ ಸಂತ ಅನ್ನಮ್ಮನವರ ಚರ್ಚ್ 1792ರಷ್ಟು ಹಳೆಯದು. ಅಂದಿನಿಂದ ಬಂದವರೆಲ್ಲ ತಮ್ಮ ತಮ್ಮ ಸೀರೆ ಉಡುವ ಪದ್ಧತಿಯನ್ನೂ ಜೊತೆಗೆ ತಂದರು. ಹಾಗಾಗಿ ಮದುವೆ ಬಟ್ಟೆ ಅಂದರೆ ಇಲ್ಲಿ ಬರೀ ಗೌನ್ ಅಲ್ಲ. ಕೊಂಕಣಿ ಕಡೆಯವರಿಗೆ ಸಾಡೊ ಬೇಕು, ಗಂಡಿನ ಮನೆಯವರು ಕೊಡುವ ಕೆಂಪು ಸೀರೆ. ಮಲಯಾಳಿ ಸುರಿಯಾನಿ, ಅಂದರೆ ಕೇರಳದ ಹಳೆಯ ಕ್ರೈಸ್ತ ಪಂಗಡದ ಮನೆಗಳಲ್ಲಿ ಮಂತ್ರಕೋಡಿ ಇರುತ್ತದೆ. ಮದುವೆ ಪ್ರಾರ್ಥನೆಯ ನಡುವೆ ವಧುವಿನ ತಲೆಯ ಮೇಲೆ ಹೊದಿಸುವ ಸೀರೆ ಅದು. ತಾಳಿಯಾದ ಮಿನ್ನುವಿಗೆ ದಾರವನ್ನೂ ಆ ಸೀರೆಯಿಂದಲೇ ಎಳೆಯುತ್ತಾರೆ. ಈ ಮದುವೆಯಲ್ಲಿ ಎರಡೂ ಕಡೆಯವರು ಕೂತು ಮಾತಾಡಿ ಒಂದೇ ಕೆಂಪು ಸೀರೆಯನ್ನು ಎರಡಕ್ಕೂ ಇಟ್ಟುಕೊಂಡರು. ಅಷ್ಟು ಚೆನ್ನಾಗಿ ಹೊಂದಿಕೊಂಡ ಜನ ಗೌನಿನ ವಿಷಯದಲ್ಲಿ ಸಿಕ್ಕಿಬಿದ್ದರು.

ನನ್ನ ಅಂಗಡಿಯಲ್ಲಿ ಆಗ ಇಬ್ಬರು ಕೆಲಸಕ್ಕಿದ್ದರು. ಒಬ್ಬಳು ಊರಿನ ಮುಸ್ಲಿಂ ಹುಡುಗಿ, ಆರಿ ವರ್ಕ್‌ನಲ್ಲಿ, ಅಂದರೆ ಕೊಕ್ಕೆ ಸೂಜಿಯ ಕಸೂತಿಯಲ್ಲಿ ಅವಳನ್ನು ಮೀರಿಸುವವರಿಲ್ಲ. ಇನ್ನೊಬ್ಬರು ತೋಟದ ಲೈನ್ ಮನೆಯಲ್ಲಿ, ಅಂದರೆ ಕೂಲಿಯವರ ಸಾಲು ಮನೆಯಲ್ಲಿ ಬೆಳೆದ ತಮಿಳು ಹೆಂಗಸು. ಹೆಮ್ಮಿಂಗ್, ಮಣಿ ಕೂರಿಸುವುದು, ಕೊನೆಯ ಕೈಕೆಲಸ ಅವರದು. ಅವರೂ ಕಥೋಲಿಕರು. ಈ ಮದುವೆ ನಡೆದ ಚರ್ಚೇ ಅವರ ಚರ್ಚ್. ಭಾನುವಾರ ಹಿಂದಿನ ಸಾಲಿನಲ್ಲಿ ಕೂರುತ್ತಾರೆ.

22,000 ಇದ್ದದ್ದು 18,000 ಆದದ್ದು

ಬೆಂಗಳೂರಿನಲ್ಲಿ ಇಂಥ ಗೌನ್ ಮೂರು ದಿನದ ಬಾಡಿಗೆಗೆ ತರುವುದಕ್ಕೇ 25,000 ಕೇಳಿದ್ದರಂತೆ. ನಾನು ಹೊಲಿದು ಕೊಡಲು 22,000 ಹೇಳಿದೆ. ಸ್ಯಾಟಿನ್, ನೆಟ್, ಲೇಸ್, ಲೈನಿಂಗ್, ಗೌನ್ ಉಬ್ಬಿ ನಿಲ್ಲಲು ಒಳಗೆ ಹಾಕುವ ಕ್ಯಾನ್‌ಕ್ಯಾನ್ ಎಲ್ಲ ಸೇರಿ 9,400. ಮಣಿಗೆ 1,800. ಇಬ್ಬರಿಗೆ ಒಂಬತ್ತೊಂಬತ್ತು ದಿನದ ಕೂಲಿ, ದಿನಕ್ಕೆ 400ರಂತೆ 7,200. ಉಳಿದ 3,600 ನನ್ನ ಕಟಿಂಗ್ ಮತ್ತು ಹೊಲಿಗೆಗೆ.

ಅಮ್ಮ ಚೌಕಾಸಿಗೆ ಇಳಿದರು. ಅವರನ್ನು ದೂರುವುದಿಲ್ಲ. ಮದುವೆ ಮನೆ, ನಾಲ್ಕು ಕಡೆಯಿಂದ ಖರ್ಚು. 18,000ಕ್ಕೆ ನಿಂತಿತು. ಈಗ ಆ 4,000 ಎಲ್ಲಿಂದ ಕಡಿಯಬೇಕು? ಬಟ್ಟೆ ಅಂಗಡಿಯವರು ಮೀಟರಿಗೆ ಒಂದು ರೂಪಾಯಿ ಬಿಡುವುದಿಲ್ಲ. ಮಣಿ ಮೈಸೂರಿಂದ ಬರಬೇಕು, ಅದರ ಬೆಲೆ ಅದಕ್ಕೆ. ಕಡಿಯಲು ಆಗುವುದು ಕೂಲಿ ಒಂದೇ. ನನ್ನ ಪಾಲಿನಿಂದ 2,200 ಬಿಟ್ಟೆ. ಅವರಿಬ್ಬರ ದಿನಗೂಲಿಯನ್ನು 400ರಿಂದ 300ಕ್ಕೆ ಇಳಿಸಿದೆ. "ಈ ಒಂದು ಸಲ ಹೊಂದಿಸಿಕೊಳ್ಳಿ" ಅಂದೆ. ಇಬ್ಬರೂ "ಆಗಲಿ ಅಕ್ಕ" ಅಂದರು. ಅವರು ಬೇರೆ ಏನು ಹೇಳಲು ಸಾಧ್ಯವಿತ್ತು? ಅದು ನಾನು ಮಾಡಿದ ತಪ್ಪು. ಈ ಪ್ರಕರಣದ ಬೇರು ಅಲ್ಲಿದೆ, ಭುಜದಲ್ಲಿ ಅಲ್ಲ. ಆಗ ನನಗೆ ಅದು ತಪ್ಪು ಅಂತಲೂ ಅನ್ನಿಸಿರಲಿಲ್ಲ.

ಚೀಟಿ ಬಂತು

ಮೊದಲ ಬದಲಾವಣೆ ಅಮ್ಮನದು. ಚಿಕ್ಕ ಕ್ಯಾಪ್ ಸ್ಲೀವ್ ಆದರೂ ಇರಲಿ ಎಂದರು. ಹುಡುಗಿ ಒಪ್ಪಿದಳು. ನಾನು ಎದೆಭಾಗ ಕತ್ತರಿಸಿ ಹೊಲಿದೆ. ಆರಿ ಹುಡುಗಿ ಮಣಿ ಹಾಕಲು ಶುರು ಮಾಡಿದಳು.

ಅಷ್ಟು ಹೊತ್ತಿಗೆ ಮದುವೆ ಪ್ರಕಟಣೆಗೆ ಹೆಸರು ಕೊಡಲು ಹೋದಾಗ ಚರ್ಚಿನಿಂದ ಒಂದು ಚೀಟಿ ಕೊಟ್ಟರು. ವಧುವಿನ ಉಡುಪು ಭುಜ ಮತ್ತು ಬೆನ್ನನ್ನು ಪೂರ್ತಿ ಮುಚ್ಚಿರಬೇಕು ಎಂದು ಅದರಲ್ಲಿತ್ತು. ಹುಡುಗಿ ಆ ಚೀಟಿಯ ಫೋಟೋವನ್ನು ನನಗೆ ಕಳಿಸಿದಳು. ಜೊತೆಗೆ ಒಂದೇ ಸಾಲು: "ಈಗ ಏನ್ ಮಾಡೋಣ ಆಂಟಿ?"

ಇದರ ಹಿನ್ನೆಲೆ ಹೇಳಬೇಕು. 1917ರ ಚರ್ಚ್ ಕಾನೂನಿನಲ್ಲಿ ಹೆಂಗಸರು ಚರ್ಚಿನಲ್ಲಿ ತಲೆ ಮುಚ್ಚಬೇಕು, ಮರ್ಯಾದೆಯ ಬಟ್ಟೆ ಹಾಕಬೇಕು ಎಂದು ಇತ್ತು. 1983ರ ಹೊಸ ಕಾನೂನಿನಲ್ಲಿ ಆ ಮಾತಿಲ್ಲ. ವಧುವಿನ ತೋಳಿನ ಅಳತೆಯನ್ನು ಇಡೀ ಜಗತ್ತಿಗೆ ಒಂದೇ ಅಂತ ಎಲ್ಲೂ ಬರೆದಿಲ್ಲ. ಆಯಾ ಚರ್ಚು ತನ್ನ ಊರಿಗೆ ತಕ್ಕಂತೆ ಹೇಳುತ್ತದೆ. ರೋಮ್‌ನ ಸಂತ ಪೇತ್ರರ ಬೆಸಿಲಿಕಾದಲ್ಲೂ ಭುಜ ಬಿಟ್ಟ ಬಟ್ಟೆಗೆ ಒಳಗೆ ಬಿಡುವುದಿಲ್ಲ. ಹಾಗಾಗಿ ಚೀಟಿ ಕೊಟ್ಟದ್ದೇ ತಪ್ಪು ಎಂದು ನಾನು ಹೇಳುವುದಿಲ್ಲ.

ಭುಜ ಮುಚ್ಚುವುದು ಒಂದು ಕಾಲದಲ್ಲಿ ಬಡವರ ಹೋರಾಟವಾಗಿತ್ತು. ತಿರುವಾಂಕೂರಿನಲ್ಲಿ ನಾಡಾರ್ ಹೆಂಗಸರು ಎದೆ ಮುಚ್ಚಿ ಓಡಾಡುವಂತಿರಲಿಲ್ಲ. ಮೇಲ್ಜಾತಿಯವರ ಮುಂದೆ ಮೇಲುಬಟ್ಟೆ ತೆಗೆಯಬೇಕಿತ್ತು. ಕ್ರೈಸ್ತರಾದ ನಾಡಾರ್ ಹೆಂಗಸರು ರವಿಕೆ ಹಾಕಿದ್ದಕ್ಕೆ ದಾರಿಯಲ್ಲಿ ಬಟ್ಟೆ ಹರಿಸಿಕೊಂಡರು, ಏಟು ತಿಂದರು. ದಶಕಗಳ ಗಲಾಟೆಯ ಮೇಲೆ 1859ರಲ್ಲಿ ಅರಸರ ಅಪ್ಪಣೆ ಬಂತು. ಆಗಲೂ ಮೇಲ್ಜಾತಿಯವರ ಹಾಗೆ ಉಡುವಂತಿಲ್ಲ ಎಂಬ ಷರತ್ತು ಇಟ್ಟರು. ಆ ಹೆಂಗಸರಿಗೆ ಒಂದು ರವಿಕೆ ಅಂದರೆ ಮಾನ. ಅದನ್ನು ಹೊಲಿದುಕೊಟ್ಟ ಮಿಷನ್ ಶಾಲೆಗಳಿಗೂ ಅದು ಧರ್ಮದ ಕೆಲಸವೇ. ಇದು ಗೊತ್ತಿದ್ದರೆ "ಮುಚ್ಚು" ಅನ್ನುವ ಮಾತನ್ನು ಸುಮ್ನೆ ಹಳೆಯ ಕಾಲದ ಮಾತು ಎಂದು ತಳ್ಳಿಹಾಕಲು ಆಗುವುದಿಲ್ಲ.

ಬಾಸೆಲ್ ಮಿಷನ್ನಿನ ಕಥೆಯೂ ಬಟ್ಟೆಯದ್ದೇ. ಅದರ ಪಾದ್ರಿ ಹರ್ಮನ್ ಮೋಗ್ಲಿಂಗ್ 1850ರ ದಶಕದಲ್ಲಿ ಕೊಡಗಿಗೆ ಬಂದರು. ಅವರ ಮಿಷನ್ ಮಂಗಳೂರಿನಲ್ಲಿ ನೇಯ್ಗೆ ಕಾರ್ಖಾನೆ ಇಟ್ಟಿತ್ತು. ಮತಾಂತರವಾದವರಿಗೆ ಜಾತಿಯ ಜೊತೆ ಕಸುಬೂ ಹೋಗುತ್ತಿತ್ತು, ಅವರಿಗೆ ಮಗ್ಗ ಅನ್ನ ಕೊಟ್ಟಿತು. ಬಟ್ಟೆ ನೇಯ್ದವನ ಹೊಟ್ಟೆಯ ಬಗ್ಗೆ ಯೋಚಿಸಿದ ಧರ್ಮ ಇದು. ಈಗ ನಾವು ಅರ್ಧ ಮಾತು ಇಟ್ಟುಕೊಂಡು ಅರ್ಧ ಬಿಟ್ಟುಬಿಟ್ಟಿದ್ದೇವೆ, ಅಲ್ವಾ?

ಹಾಕಿದ ಮಣಿಯನ್ನೆಲ್ಲ ಬಿಚ್ಚಬೇಕಾಯಿತು. ಮಣಿ ಬಿಚ್ಚುವುದು ಹಾಕುವುದಕ್ಕಿಂತ ಕಷ್ಟ. ದಾರ ಕತ್ತರಿಸುವಾಗ ನೆಟ್ ಹರಿಯಬಾರದು. ಆರಿ ಹುಡುಗಿ ಎರಡು ದಿನ ತಲೆ ಎತ್ತಲಿಲ್ಲ. ಎದೆಭಾಗ ಹೊಸದಾಗಿ ಕತ್ತರಿಸಿದೆ. ಕುತ್ತಿಗೆಯವರೆಗೆ ನೆಟ್, ಪೂರ್ತಿ ತೋಳು, ಬೆನ್ನಿಗೆ ಲೇಸ್.

ಸೊಂಟದ ಶಿಲುಬೆ

ಕ್ರಿಸ್ಮಸ್ ಆದ ಮೇಲೆ ಟ್ರಯಲ್‌ಗೆ ಹುಡುಗನ ಅಮ್ಮನೂ ಬಂದರು. ತೋಳು ನೋಡಿ ಸಂತೋಷಪಟ್ಟರು. ಬೆಲ್ಟ್ ನೋಡಿ ಮುಖ ಸಪ್ಪೆ ಮಾಡಿದರು. "ಶಿಲುಬೆಯನ್ನು ಸೊಂಟಕ್ಕಾ?" ಎಂದರು. ಜೋರಾಗಿ ಹೇಳಲಿಲ್ಲ. ಆದರೆ ಅಂಗಡಿಯಲ್ಲಿದ್ದ ಎಲ್ಲರಿಗೂ ಕೇಳಿಸಿತು.

ಹುಡುಗಿ ಮೊದಲ ಬಾರಿ ಎದುರು ಮಾತಾಡಿದಳು. "ಆಂಟಿ, ನಮ್ಮ ಅಜ್ಜಿ ಜಪಸರವನ್ನು ಸೊಂಟಕ್ಕೇ ಸಿಕ್ಕಿಸಿಕೊಳ್ತಿದ್ದರು. ಸಿಸ್ಟರ್‌ಗಳೂ ಹಾಗೇ ಕಟ್ಟಿಕೊಳ್ತಾರೆ. ನಾನು ಸ್ಟೈಲ್‌ಗೆ ಹಾಕಿಸಿದ್ದಲ್ಲ." ಅವಳ ಕಣ್ಣು ತುಂಬಿತ್ತು.

ನನಗೆ ಅವಳ ಮಾತು ಸರಿ ಅನ್ನಿಸಿತು, ಈಗಲೂ ಅನ್ನಿಸುತ್ತದೆ. ಆದರೆ ಹುಡುಗನ ಅಮ್ಮನ ಅಳುಕಿಗೂ ಕಾರಣ ಇದೆ. ಶಿಲುಬೆಯನ್ನು ಫ್ಯಾಷನ್‌ನವರು ಎತ್ತಿಕೊಂಡು ಬಹಳ ಕಾಲವಾಯಿತು. 2013ರಲ್ಲಿ ಇಟಲಿಯ ಫ್ಯಾಷನ್ ಕಂಪನಿ ಡೋಲ್ಚೆ ಅಂಡ್ ಗಬ್ಬಾನಾದವರು ಸಿಸಿಲಿಯ ಮೊನ್ರೆಯಾಲೆ ಕೆಥೆಡ್ರಲಿನ ಮೊಸಾಯಿಕ್ ಚಿತ್ರಗಳನ್ನು ಗೌನಿನ ಮೇಲೆ ತಂದರು. 2018ರಲ್ಲಿ ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂ ಕಥೋಲಿಕ ಕಲ್ಪನೆ ಮತ್ತು ಫ್ಯಾಷನ್ ಎಂಬ ವಿಷಯದ ಮೇಲೇ ದೊಡ್ಡ ಪ್ರದರ್ಶನ ಮಾಡಿತು. ಅದಕ್ಕೆ ವ್ಯಾಟಿಕನ್ ತಾನೇ ಸಿಸ್ಟೀನ್ ಚಾಪೆಲಿನ ಭಂಡಾರದಿಂದ ಸುಮಾರು 40 ವಸ್ತುಗಳನ್ನು ಕಳಿಸಿಕೊಟ್ಟಿತ್ತು. 16 ಲಕ್ಷಕ್ಕಿಂತ ಹೆಚ್ಚು ಜನ ನೋಡಿದರು. ಹುಡುಗಿ ತೋರಿಸಿದ ಬೆಲ್ಟ್ ಆ ಗಾಳಿಯಲ್ಲೇ ಬಂದದ್ದಿರಬಹುದು. ನಂಬಿಕೆ ಇಲ್ಲದವರೂ ಹಾಕುವ ಒಡವೆಯಾಗಿ ಶಿಲುಬೆ ಮಾರಾಟವಾಗುವುದನ್ನು ನೋಡಿದ ಹಿರಿಯರಿಗೆ ಕಸಿವಿಸಿ ಆಗುವುದು ಸಹಜ.

ಆದರೆ ಕೊಟ್ಟು ತೆಗೆದುಕೊಳ್ಳುವುದು ಎರಡೂ ಕಡೆಯಿಂದ ನಡೆದಿದೆ. ನಮ್ಮ ಗುರುಗಳು ಬಲಿಪೂಜೆಗೆ ಎಲ್ಲಕ್ಕಿಂತ ಮೇಲೆ ಹಾಕುವ ದೊಡ್ಡ ಪೂಜಾವಸ್ತ್ರ ಇದೆಯಲ್ಲ, ಅದು ಹಳೆಯ ರೋಮ್‌ನಲ್ಲಿ ಜನ ಮಳೆ ಚಳಿಗೆ ಹೊದೆಯುತ್ತಿದ್ದ ಮೇಲಂಗಿಯಿಂದ ಬಂದದ್ದು. ನಮ್ಮ ಕಂಬಳಿ ಕೊಪ್ಪೆ ಇದ್ದ ಹಾಗೆ. ಬೀದಿಯಲ್ಲಿ ಫ್ಯಾಷನ್ ಬದಲಾಯಿತು, ಚರ್ಚಿನಲ್ಲಿ ಹಳೆಯದು ಉಳಿದು ಪವಿತ್ರವಾಯಿತು.

ಬಿಳಿ ಗೌನೂ ಹಾಗೆಯೇ ಬಂದದ್ದು. ಅದು ಬೈಬಲಿನಲ್ಲಿಲ್ಲ. ಹಿಂದೆ ಯುರೋಪಿನ ಹೆಚ್ಚಿನ ಹುಡುಗಿಯರು ಇದ್ದುದರಲ್ಲಿ ಒಳ್ಳೆಯ ಬಟ್ಟೆ ಉಟ್ಟು ಮದುವೆಯಾಗುತ್ತಿದ್ದರು, ಬಣ್ಣ ಯಾವುದಾದರೂ ಸರಿ. 1840ರಲ್ಲಿ ವಿಕ್ಟೋರಿಯಾ ರಾಣಿ ಬಿಳಿ ಸ್ಯಾಟಿನ್ ಉಟ್ಟು ಮದುವೆಯಾದ ಮೇಲೆ ಅದು ಹಬ್ಬಿತು. ಆ ರಾಣಿಗೆ ಕೊಡಗಿನ ನಂಟೂ ಇದೆ. ನಮ್ಮ ಕೊನೆಯ ಅರಸ ಚಿಕ್ಕ ವೀರರಾಜೇಂದ್ರನ ಮಗಳು ಗೌರಮ್ಮ 1852ರಲ್ಲಿ ಲಂಡನ್ನಿನಲ್ಲಿ ದೀಕ್ಷಾಸ್ನಾನ ಪಡೆದಾಗ ರಾಣಿಯೇ ಧರ್ಮಮಾತೆಯಾಗಿ ನಿಂತಳು. ವಿಂಟರ್‌ಹಾಲ್ಟರ್ ಎಂಬ ಕಲಾವಿದನಿಂದ ಹುಡುಗಿಯ ಚಿತ್ರವನ್ನೂ ಬರೆಸಿದಳು. ಅದರಲ್ಲಿ ಗೌರಮ್ಮ ಭಾರತದ ಉಡುಪಿನಲ್ಲಿದ್ದಾಳೆ, ಮೈಮೇಲೆ ಒಡವೆ ಇದೆ. ದೇಶ ಬಿಟ್ಟು, ಧರ್ಮ ಬದಲಿಸಿ, ಹೆಸರಿಗೆ ವಿಕ್ಟೋರಿಯಾ ಸೇರಿಸಿಕೊಂಡ ಹುಡುಗಿಯನ್ನು ಅವಳ ನಾಡಿನ ಬಟ್ಟೆಯಲ್ಲೇ ನೋಡಲು ರಾಣಿಯ ಕಡೆಯವರು ಬಯಸಿದ್ದರು. ಆ ಹುಡುಗಿಗೆ ಏನು ಉಡಬೇಕು ಅನ್ನಿಸಿತ್ತೋ, ಯಾರೂ ಬರೆದಿಡಲಿಲ್ಲ.

ರಾಣಿಯ ಗೌನಿನ ಬಗ್ಗೆ ಇನ್ನೊಂದು ವಿಷಯ ನನಗೆ ತುಂಬ ಮುಖ್ಯ. ಆಗ ಯಂತ್ರದ ಲೇಸ್ ಬಂದು ಕೈಯಲ್ಲಿ ಲೇಸ್ ಹೆಣೆಯುವ ಹೆಂಗಸರ ಕೆಲಸ ಹೋಗುತ್ತಿತ್ತು. ಅವರಿಗೆ ಕೆಲಸ ಸಿಗಲಿ ಎಂದು ರಾಣಿ ಕೈಯಲ್ಲಿ ಹೆಣೆಯುವ ಹಾನಿಟನ್ ಲೇಸನ್ನೇ ಬೇಕು ಎಂದು ಆರಿಸಿದಳು. ಇಂಗ್ಲೆಂಡಿನ ಡೆವನ್ ಕಡಲ ತೀರದ ಬೀರ್ ಎಂಬ ಹಳ್ಳಿಯ ಹೆಂಗಸರು ತಿಂಗಳುಗಟ್ಟಲೆ ಕೂತು ಅದನ್ನು ಹೆಣೆದರು. ಜಗತ್ತಿಗೆಲ್ಲ ಹಬ್ಬಿದ್ದು ಬಿಳಿ ಬಣ್ಣ. ಲೇಸ್ ಹೆಣೆದವರ ನೆನಪು ಹಬ್ಬಲಿಲ್ಲ.

ಕೊನೆಗೆ ಹುಡುಗಿಯೇ ಶಿಲುಬೆ ತೆಗೆಯಿರಿ ಎಂದಳು. ಮದುವೆಗೆ ಮೊದಲೇ ಅತ್ತೆಯ ಮನಸ್ಸು ನೋಯಿಸುವುದು ಬೇಡ ಎಂದಳು. ಮಣಿ ಮತ್ತೆ ಬಿಚ್ಚಿದೆವು. ಬೆಲ್ಟಿಗೆ ಹೂವಿನ ಡಿಸೈನ್ ಹಾಕಿದೆವು.

ಕಾಫಿ ಕುಯ್ಲು

ಇಷ್ಟರಲ್ಲಿ ಜನವರಿ ಬಂತು. ಕೊಡಗಿನಲ್ಲಿ ಜನವರಿ ಅಂದರೆ ಕಾಫಿ ಕುಯ್ಲು. ಗಿಡದಲ್ಲಿ ಹಣ್ಣು ಕೆಂಪಾಗಿ ನಿಂತಿರುತ್ತದೆ, ಎಲ್ಲ ತೋಟದವರೂ ಆಳು ಹುಡುಕುತ್ತಿರುತ್ತಾರೆ. ಕೆಜಿ ಲೆಕ್ಕದಲ್ಲಿ ಕೊಡುವ ಕಡೆ ಕೈ ಚುರುಕಿದ್ದವರಿಗೆ ನನ್ನ 300ಕ್ಕಿಂತ ಎಷ್ಟೋ ಜಾಸ್ತಿ ಸಿಗುತ್ತದೆ.

ಲೈನ್ ಮನೆಯ ಆ ಅಕ್ಕ ಹನ್ನೊಂದು ದಿನ ಗೌನಿನ ಮೇಲೆ ಕೂತಿದ್ದರು. ಒಂಬತ್ತಕ್ಕೆ ಒಪ್ಪಿದ್ದ ಕೆಲಸ ಅದು. ಹೆಚ್ಚಿನ ದಿನಕ್ಕೆ ಮದುವೆಯಾದ ಮೇಲೆ ನೋಡೋಣ ಎಂದು ನಾನು ಹೇಳಿದ್ದೆ. ಒಂದು ಬೆಳಿಗ್ಗೆ ಬಂದು ಬಾಗಿಲಲ್ಲೇ ನಿಂತು, "ನಾಳೆಯಿಂದ ತೋಟಕ್ಕೆ ಹೋಗ್ತೀನಿ ಅಕ್ಕ. ಮಗನ ಫೀಸ್ ಕಟ್ಟಬೇಕು" ಅಂದರು. ಕೋಪದಲ್ಲಿ ಹೇಳಲಿಲ್ಲ. ಅದೇ ನನಗೆ ಜಾಸ್ತಿ ತಾಗಿತು.

ಉಳಿದ ಕೆಲಸವೆಲ್ಲ ಆರಿ ಹುಡುಗಿಯ ಮೇಲೆ ಬಿತ್ತು. ಅವಳದು ಒಟ್ಟು ಹದಿನೈದು ದಿನ ಆಯಿತು. ಕೊನೆಯ ಎರಡು ರಾತ್ರಿ ಅವಳ ಅಣ್ಣ ಹತ್ತು ಗಂಟೆಗೆ ಬಂದು ಕರೆದುಕೊಂಡು ಹೋಗುತ್ತಿದ್ದ. ನಾನೂ ಜೊತೆಗೆ ಕೂತೆ. ಗೌನ್ ಚೆನ್ನಾಗಿ ಬಂತು. ಬೆನ್ನಿನ ಲೇಸಿನ ಮೇಲೆ ಅವಳು ಹಾಕಿದ ಸಣ್ಣ ಮುತ್ತಿನ ಸಾಲು ಇಂದಿಗೂ ನನ್ನ ಕಣ್ಣ ಮುಂದಿದೆ.

ಮದುವೆ ದಿನ ಚರ್ಚಿನಲ್ಲಿ ಎಲ್ಲರೂ ಗೌನ್ ಹೊಗಳಿದರು. "ಎಷ್ಟು ಡೀಸೆಂಟ್ ಆಗಿದೆ ನೋಡಿ" ಎಂದರು ಒಬ್ಬರು. ಲೈನ್ ಮನೆಯ ಅಕ್ಕ ಆ ದಿನ ಬರಲಿಲ್ಲ. ಅದು ಅವರದೇ ಚರ್ಚ್. ಆದರೆ ಮದುವೆ ಇದ್ದದ್ದು ಸೋಮವಾರ. ಅವರು ಎರಡು ಕಿಲೋಮೀಟರ್ ದೂರದ ತೋಟದಲ್ಲಿ ಹಣ್ಣು ಕುಯ್ಯುತ್ತಿದ್ದರು. ಅವರನ್ನು ಕರೆಯಬೇಕು ಎಂದು ಯಾರಿಗೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ.

ಹುಡುಗಿ ಲೆಕ್ಕ ಕೇಳಿದಳು

ಮದುವೆಯಾಗಿ ಹತ್ತು ದಿನಕ್ಕೆ ಹುಡುಗಿ ಒಬ್ಬಳೇ ಬಂದಳು. ಬಾಕಿ ಕೊಡಲು ಬಂದಿದ್ದಳು. ಕೊಟ್ಟು, "ಆಂಟಿ, ಒಟ್ಟು ಎಷ್ಟು ದಿನ ಆಯ್ತು ಕೈಕೆಲಸಕ್ಕೆ?" ಎಂದು ಕೇಳಿದಳು. ಐದು ವಾರದಲ್ಲಿ ಆ ಪ್ರಶ್ನೆ ಕೇಳಿದ ಮೊದಲ ಮನುಷ್ಯಳು ಅವಳು.

ಇಪ್ಪತ್ತಾರು ದಿನ ಎಂದೆ. ಅವಳು ಫೋನಿನಲ್ಲಿ ಲೆಕ್ಕ ಹಾಕಿದಳು. 5,400 ಭಾಗಿಸು 26. ದಿನಕ್ಕೆ 208 ರೂಪಾಯಿಯೂ ಬರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನೆ ಕೂತಳು. ಆಮೇಲೆ ತನ್ನ ಕೆಲಸದ ಬಗ್ಗೆ ಹೇಳಿದಳು.

ಅವಳ ಕಂಪನಿಯಲ್ಲಿ ಒಂದೊಂದು ಬಟ್ಟೆಗೆ ಇಷ್ಟು ನಿಮಿಷ ಎಂದು ಮೊದಲೇ ಅಳೆದು ಇಟ್ಟಿರುತ್ತಾರೆ. ಕಾಲರ್‌ಗೆ ಇಷ್ಟು, ಜೇಬಿಗೆ ಇಷ್ಟು. ವಿದೇಶದ ಬ್ರಾಂಡಿನವರು, ಅಂದರೆ ಬಯ್ಯರ್‌ಗಳು, ಬೆಲೆ ಇಳಿಸಿ ಎಂದಾಗ ಬಟ್ಟೆಯ ದರ, ಜಿಪ್ಪಿನ ದರ, ಹಡಗಿನ ಬಾಡಿಗೆ ಯಾವುದೂ ಅಲ್ಲಾಡುವುದಿಲ್ಲ. ಅಲ್ಲಾಡುವುದು ಆ ನಿಮಿಷಗಳು. ಹತ್ತು ನಿಮಿಷದ ಕೆಲಸವನ್ನು ಒಂಬತ್ತರಲ್ಲಿ ಮಾಡಿ ಎನ್ನುತ್ತಾರೆ. ಬ್ರಾಂಡಿನವರು ಕೊನೆ ಗಳಿಗೆಯಲ್ಲಿ ಡಿಸೈನ್ ಬದಲಿಸಿದರೂ ಸರಕು ಕಳಿಸುವ ದಿನ ಬದಲಾಗುವುದಿಲ್ಲ. ಆ ಭಾರ ಹೋಗಿ ಬೀಳುವುದು ಮೆಷಿನ್ ಮುಂದೆ ಕೂತ ಹೆಂಗಸಿನ ಬೆನ್ನಿನ ಮೇಲೆ. "ನಾನು ದಿನಾ ಇದನ್ನೇ ನೋಡ್ತೀನಿ ಆಂಟಿ. ನನ್ನ ಮದುವೆಗೆ ನಾನೇ ಬಯ್ಯರ್ ಆಗ್ಬಿಟ್ಟೆ" ಅಂದಳು.

ಅವಳಿಗೆ ರಾಣಾ ಪ್ಲಾಜಾ ಗೊತ್ತಿತ್ತು. 2013ರ ಏಪ್ರಿಲ್ 24ರಂದು ಢಾಕಾ ಹತ್ತಿರ ಗಾರ್ಮೆಂಟ್ ಕಾರ್ಖಾನೆಗಳಿದ್ದ ಆ ಕಟ್ಟಡ ಕುಸಿದಾಗ 1,134 ಜನ ಸತ್ತರು. ಹೆಚ್ಚಿನವರು ಗಾರ್ಮೆಂಟ್ ಹೆಂಗಸರು. ಗೋಡೆ ಬಿರುಕು ಬಿಟ್ಟಿದ್ದು ಹಿಂದಿನ ದಿನವೇ ಗೊತ್ತಿತ್ತು, ಆದರೂ ಒಳಗೆ ಕಳಿಸಿದ್ದರು. ಅದಾಗಿ ಒಂದು ವಾರಕ್ಕೆ, ಮೇ 1ರಂದು, ಜಗದ್ಗುರು ಪೋಪ್ ಫ್ರಾನ್ಸಿಸ್ ಬೆಳಗಿನ ಪೂಜೆಯಲ್ಲಿ ಅವರ ಸಂಬಳದ ಬಗ್ಗೆ ಮಾತಾಡಿದರು. ತಿಂಗಳಿಗೆ 38 ಯೂರೋ. ಇದು ಗುಲಾಮರ ದುಡಿಮೆ ಎಂದರು. ಬಟ್ಟೆಯ ಬಗ್ಗೆ ಈ ಕಾಲದ ಒಬ್ಬ ಪೋಪ್ ಆಡಿದ ಮಾತುಗಳಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದು ಇದೇ ಅನ್ನಿಸುತ್ತದೆ. ಅದರಲ್ಲಿ ತೋಳಿನ ಉದ್ದದ ಸುದ್ದಿ ಇಲ್ಲ.

ದಿನಕ್ಕೆ 400ರಂತೆ ಲೆಕ್ಕ ಹಾಕಿದರೆ ಇಬ್ಬರಿಗೂ ಸೇರಿ 10,400 ಆಗಬೇಕಿತ್ತು. 5,000 ಕಡಿಮೆ ಬಿದ್ದಿತ್ತು. "ಅರ್ಧ ನಾನು, ಅರ್ಧ ನೀವು" ಎಂದಳು ಹುಡುಗಿ. ಸರಿಯಾದ ಮಾತು. ಬದಲಾವಣೆ ಅವರ ಮನೆಯದು, ಕೂಲಿ ಇಳಿಸಿದ್ದು ನಾನು. ಅಂದೇ ಸಂಜೆ ಲೈನ್ ಮನೆಗೆ ಹೋಗಿ ಅವರ ಪಾಲು ಕೊಟ್ಟು ಬಂದೆ. ಆ ಅಕ್ಕ ಎಣಿಸಿ ನೋಡಿ, ಒಳಗೆ ಇಟ್ಟು ಬಂದು ಚಹಾ ಕೊಟ್ಟರು. ಗೌನ್ ಹೇಗೆ ಬಂತು ಎಂದು ಕೇಳಿದರು. ಫೋನಿನಲ್ಲಿ ಫೋಟೋ ತೋರಿಸಿದೆ. ಹೆಮ್ಮಿಂಗ್ ಕಾಣುವಂತೆ ದೊಡ್ಡದು ಮಾಡಿ ನೋಡಿದರು.

ಫಾದರ್ ಹೇಳಿದ್ದು

ಫಾದರ್ ಹತ್ತಿರ ಹೋಗಬೇಕೋ ಬೇಡವೋ ಎಂದು ಎರಡು ವಾರ ಯೋಚಿಸಿದೆ. ಆಮೇಲೆ ಹೋದೆ. ಜಗಳಕ್ಕೆ ಹೋದದ್ದಲ್ಲ. ಲೆಕ್ಕದ ಚೀಟಿ ತೋರಿಸಿದೆ, ನನ್ನ ತಪ್ಪನ್ನೂ ಹೇಳಿದೆ.

ಅವರು ಪೂರ್ತಿ ಕೇಳಿಸಿಕೊಂಡರು. ಚೀಟಿ ಯಾಕೆ ಮಾಡಿದೆ ಎಂದು ವಿವರಿಸಿದರು. ಹಿಂದೆ ಒಂದು ಮದುವೆಯಲ್ಲಿ ವಧುವಿನ ಫೋಟೋ ವಾಟ್ಸಾಪಿನಲ್ಲಿ ಓಡಾಡಿ, ಜನ ಬಾಯಿಗೆ ಬಂದಂತೆ ಮಾತಾಡಿದ್ದರಂತೆ. ಇನ್ನೊಬ್ಬ ಹುಡುಗಿಗೆ ಹಾಗಾಗಬಾರದು ಎಂಬುದು ಅವರ ಯೋಚನೆ. ಗೌನಿಗೆ ಸಾಲ ಮಾಡಿದ ಮನೆಗಳೂ ತಮಗೆ ಗೊತ್ತು ಎಂದರು. ಆಮೇಲೆ ಒಂದು ಮಾತು ಹೇಳಿದರು. "ನನ್ನ ಹತ್ತಿರ ಜನ ದೂರು ತರುವುದು ಭುಜದ ಬಗ್ಗೆ. ಕೂಲಿಯ ಬಗ್ಗೆ ಇದುವರೆಗೆ ಯಾರೂ ಬಂದಿರಲಿಲ್ಲ." ಆ ಮಾತಿನಲ್ಲಿ ಸತ್ಯ ಇದೆ. ನಾವು ತರದ ದೂರಿಗೆ ಅವರು ಚೀಟಿ ಹೇಗೆ ಬರೆಯುತ್ತಾರೆ?

ನಾನು ಮನೆಯಲ್ಲಿ ಗುರುತು ಹಾಕಿಕೊಂಡು ಹೋಗಿದ್ದ ವಚನಗಳನ್ನು ಅವರೊಂದಿಗೆ ಓದಿದೆ. ಬಟ್ಟೆಯ ಮಾತು ಬಂದಾಗ ಎಲ್ಲರೂ ಎತ್ತುವುದು ಸಂತ ಪೌಲರು ತಿಮೊಥೆಯನಿಗೆ ಬರೆದ ಮೊದಲ ಪತ್ರದ ಎರಡನೇ ಅಧ್ಯಾಯ. ಹೆಂಗಸರು ಮರ್ಯಾದೆಯಿಂದ ಉಡಲಿ ಎಂದು ಅಲ್ಲಿದೆ, ನಿಜ. ಮುಂದಿನ ಪಟ್ಟಿ ನೋಡಿ. ಜಡೆ, ಚಿನ್ನ, ಮುತ್ತು, ದುಬಾರಿ ಬಟ್ಟೆ. ಭುಜ ಇಲ್ಲ. ಆ ಪಟ್ಟಿಯಲ್ಲಿರುವುದೆಲ್ಲ ದುಡ್ಡು ತೋರಿಸುವ ವಸ್ತುಗಳು. ಈ ಮದುವೆಯಲ್ಲಿ ವಧುವಿನ ಕೊರಳಲ್ಲಿ ಇದ್ದ ಚಿನ್ನದ ಬಗ್ಗೆ ಎರಡೂ ಮನೆಯಲ್ಲಿ, ಚರ್ಚಿನಲ್ಲಿ, ಯಾರೂ ಒಂದು ಮಾತು ಎತ್ತಲಿಲ್ಲ.

ಯಕೋಬರ ಪತ್ರದ ಐದನೇ ಅಧ್ಯಾಯ ಇನ್ನೂ ನೇರ. ನಿಮ್ಮ ಬಟ್ಟೆಗಳಿಗೆ ನುಸಿ ಹಿಡಿದಿದೆ ಎಂದು ಶ್ರೀಮಂತರಿಗೆ ಹೇಳಿ, ಅದರ ಹಿಂದೆಯೇ ಹೊಲ ಕೊಯ್ದವರಿಗೆ ಕೊಡದೆ ಹಿಡಿದ ಕೂಲಿ ಕೂಗುತ್ತಿದೆ ಎನ್ನುತ್ತಾರೆ. ಬಟ್ಟೆ, ಕೂಲಿ ಎರಡೂ ಅಕ್ಕಪಕ್ಕದಲ್ಲೇ ಇವೆ. ಬೈಬಲಿನ ಪ್ರೇಷಿತರ ಕಾರ್ಯಕಲಾಪಗಳು ಎಂಬ ಪುಸ್ತಕದಲ್ಲಿ ತಬಿಥಾ ಎಂಬ ಹೆಂಗಸು ಬರುತ್ತಾಳೆ. ಅವಳು ಸತ್ತಾಗ ಊರಿನ ವಿಧವೆಯರು ಅವಳು ಹೊಲಿದುಕೊಟ್ಟ ಅಂಗಿಗಳನ್ನು ಪೇತ್ರರಿಗೆ ತೋರಿಸಿ ಅಳುತ್ತಾರೆ. ಹೊಲಿಗೆಯವಳಿಗಾಗಿ ಒಂದು ಊರೇ ಅತ್ತ ಆ ಪುಟ ಓದುವಾಗ ನನ್ನ ಗಂಟಲು ಕಟ್ಟುತ್ತದೆ. ನಾಲ್ಕನೇ ಶತಮಾನದ ಸಂತ ಕ್ರಿಸೊಸ್ತೊಮರು ತಮ್ಮ ಜನರಿಗೆ ಹೇಳಿದ್ದೂ ಇದೇ ದಾರಿಯ ಮಾತು: ಚರ್ಚಿನ ಒಳಗೆ ಕ್ರಿಸ್ತನಿಗೆ ರೇಷ್ಮೆ ಹೊದಿಸಿ, ಹೊರಗೆ ಚಳಿಯಲ್ಲಿ ಬಟ್ಟೆಯಿಲ್ಲದೆ ನಿಂತ ಕ್ರಿಸ್ತನನ್ನು ಮರೆಯಬೇಡಿ ಎಂದು.

ಫಾದರ್ ಎರಡು ವಿಷಯ ಒಪ್ಪಿದರು. ಬಟ್ಟೆಯ ಚೀಟಿಯನ್ನು ಇನ್ನು ಮುಂದೆ ಮದುವೆ ನಿಶ್ಚಯವಾದ ಕೂಡಲೇ ಕೊಡುವುದು, ಹೊಲಿಯಲು ಹಾಕಿದ ಮೇಲೆ ಅಲ್ಲ. ಮದುವೆಗೆ ಮೊದಲಿನ ತರಬೇತಿಯಲ್ಲಿ ಖರ್ಚಿನ ವಿಷಯ ಬಂದಾಗ ಕೆಲಸ ಮಾಡಿದವರ ಕೂಲಿಯ ಬಗ್ಗೆಯೂ ಮಾತಾಡುವುದು. ಮೊದಲನೆಯದು ಆಗಿದೆ. ಎರಡನೆಯದು ಒಂದು ಸಲ ನಡೆಯಿತು. ಚೀಟಿಯಲ್ಲಿ ಭುಜ ಮತ್ತು ಬೆನ್ನಿನ ಸಾಲು ಹಾಗೇ ಇದೆ, ಕೂಲಿಯ ಸಾಲು ಇನ್ನೂ ಸೇರಿಲ್ಲ. ಅದನ್ನು ಸೇರಿಸಿ ಎಂದು ನಾನು ಕೇಳುತ್ತಲೇ ಇದ್ದೇನೆ.

ಈಗ ಹೇಗಿದೆ

ಹುಡುಗಿಯ ಅಮ್ಮನಿಗೆ ಮಗಳು ಹೆಚ್ಚಿನ ಹಣ ಕೊಟ್ಟದ್ದು ಗೊತ್ತಾಗಿ ಬೇಸರವಾಯಿತು. ಮಾತಾಡಿ ಮುಗಿಸಿದ ರೇಟು, ಆಮೇಲೆ ಯಾಕೆ ಕೇಳಿದಿರಿ ಎಂದರು. ನಾನು ಕೇಳಲಿಲ್ಲ ಎಂದು ಹೇಳಿದೆ. ನಂಬಿದರೋ ಇಲ್ಲವೋ. ಈಗ ಬ್ಲೌಸ್ ಹೊಲಿಸಲು ಬೇರೆ ಕಡೆ ಹೋಗುತ್ತಾರೆ. ಚರ್ಚಿನಲ್ಲಿ ಸಿಕ್ಕಾಗ ಮಾತಾಡುತ್ತೇವೆ.

ಅಂಗಡಿಯಲ್ಲಿ ಎಸ್ಟಿಮೇಟ್ ಬರೆಯುವ ರೀತಿ ಬದಲಿಸಿದೆ. ಬಟ್ಟೆ, ಮಣಿ, ನನ್ನ ಹೊಲಿಗೆ, ಕೈಕೆಲಸದ ಕೂಲಿ ಎಲ್ಲ ಬೇರೆ ಬೇರೆ ಸಾಲು. ಕೈಕೆಲಸದ ಸಾಲಿನಲ್ಲಿ ದಿನ ಮತ್ತು ದಿನದ ದರ ಎರಡೂ ಇರುತ್ತದೆ. ಆ ಸಾಲಿನಲ್ಲಿ ಚೌಕಾಸಿ ಇಲ್ಲ ಎಂದು ಮೊದಲೇ ಹೇಳುತ್ತೇನೆ. ಹೊಲಿಯಲು ಶುರುವಾದ ಮೇಲೆ ಬದಲಿಸಿದರೆ ಹೆಚ್ಚಿನ ದಿನಕ್ಕೆ ಹೆಚ್ಚಿನ ಹಣ. ಮೂರು ಗಿರಾಕಿಗಳು ಇದನ್ನು ಕೇಳಿ ಎದ್ದು ಹೋದರು. ಈಸ್ಟರ್ ಆದ ಮೇಲೆ ಬಂದ ಒಂದು ಮದುವೆಯ ತಾಯಿ ಮಾತ್ರ ಎಸ್ಟಿಮೇಟ್ ಚೀಟಿಯನ್ನು ಎರಡು ಸಲ ಓದಿದರು. ದುಡ್ಡು ಸಾಲದು ಎಂದರು. ಸ್ವಲ್ಪ ಯೋಚಿಸಿ, "ಹಿಂದೆ ಎಳೆಯುವ ಟ್ರೇಲ್ ಒಂದು ಮೀಟರ್ ಕಡಿಮೆ ಮಾಡಿ. ಕೂಲಿ ಹಾಗೇ ಇರಲಿ" ಅಂದರು.

ಆ ಗೌನಿನ ಹೆಮ್ಮಿಂಗ್ ಮಾಡಿದ್ದು ಲೈನ್ ಮನೆಯ ಅಕ್ಕನೇ. ಕುಯ್ಲು ಮುಗಿದ ಮೇಲೆ ವಾರಕ್ಕೆ ಎರಡು ದಿನ ಬರುತ್ತಿದ್ದಾರೆ. ಪೂರ್ತಿ ವಾರ ಬನ್ನಿ ಎಂದು ಕೇಳಿದೆ. ಮಳೆಗಾಲ ಕಳೆಯಲಿ, ನೋಡೋಣ ಅಂದಿದ್ದಾರೆ.